ಹಿತ್ತಿಲ ಗೋಲ್ಡ್‌ಫಿಶ್ ತೊಟ್ಟಿ: ಫಿಲ್ಟರ್ ಇದ್ದರೂ ತಳದಲ್ಲಿ ಗಸಿ, ನೀರು ಬಗ್ಗಡ. ಎಲ್ಲಿಂದ ಸರಿಪಡಿಸಬೇಕು?

ಹಿತ್ತಿಲಕೊಳ

ಊರು ಬೆಂಗಳೂರು. ಸಿಮೆಂಟ್ ತೊಟ್ಟಿ, ಒಳ ಅಳತೆ 3 ಮೀ ಉದ್ದ, 1.5 ಮೀ ಅಗಲ, ನೀರಿನ ಆಳ 80 ಸೆಂ.ಮೀ. ಲೆಕ್ಕಕ್ಕೆ 3600 ಲೀಟರ್. ಅರ್ಧ ನೆಲದೊಳಗಿದೆ, ನೀರಿನ ಮಟ್ಟ ಅಂಗಳಕ್ಕಿಂತ 40 ಸೆಂ.ಮೀ ಮೇಲಿದೆ. ತಳದಲ್ಲಿ ತೂಬು ಇಲ್ಲ. 14 ಗೋಲ್ಡ್‌ಫಿಶ್, ಹೆಚ್ಚಿನವು ಕಾಮೆಟ್ ಎಂಬ ಉದ್ದ ಬಾಲದ ತಳಿ, 10ರಿಂದ 14 ಸೆಂ.ಮೀ ಉದ್ದ.

ಪಂಪಿನ ಮೇಲೆ ಗಂಟೆಗೆ 4000 ಲೀಟರ್, ಗರಿಷ್ಠ ಎತ್ತರ 3 ಮೀ ಎಂದು ಬರೆದಿದೆ. ಸುತ್ತ ಅದರ ಜೊತೆಗೇ ಬಂದ ಸ್ಪಾಂಜ್ ಇದೆ. ನೀರು 1.2 ಮೀ ಮೇಲಿರುವ 60 ಲೀಟರ್ ಕ್ರೇಟಿಗೆ ಹೋಗಿ, ಸ್ಪಾಂಜ್, ಜಲ್ಲಿ, ಇದ್ದಿಲು ದಾಟಿ ತೊಟ್ಟಿಗೆ ಬೀಳುತ್ತದೆ. ಕ್ರೇಟನ್ನು ವಾರಕ್ಕೊಮ್ಮೆ ತೊಳೆಯುವುದು. ಆದರೂ ಮೂಲೆಗಳಲ್ಲಿ ಕಂದು ಗಸಿ ಕೂರುತ್ತದೆ. ಮೀನು ಬಾಲ ಆಡಿಸಿದರೆ ಸಾಕು, ನೀರೆಲ್ಲ ಕದಡುತ್ತದೆ. ಇನ್ನೂ ದೊಡ್ಡ ಕ್ರೇಟ್ ಇಡಬೇಕೇ, ಅಥವಾ ಬೇರೆ ದಾರಿ ಇದೆಯೇ? ತಳ ಒಡೆಯುವುದು ಬೇಡ.

ನೀರಗಂಟಿ

ಏನನ್ನೂ ಕೊಳ್ಳುವ ಮೊದಲು ಬಾಟಲಿ ಪರೀಕ್ಷೆ ಮಾಡಿ. ಬಗ್ಗಡ ನೀರನ್ನು ಒಂದು ಲೀಟರಿನ ಪಾರದರ್ಶಕ ಬಾಟಲಿಗೆ ತುಂಬಿ, ನೆರಳಲ್ಲಿ ಅಲ್ಲಾಡಿಸದೆ 24 ಗಂಟೆ ಇಡಿ.

ಮೇಲೆ ತಿಳಿಯಾಗಿ ತಳದಲ್ಲಿ ಪದರ ಕೂತರೆ ಅದು ಘನ ಕಸ, ಸೋಸುವ ಫಿಲ್ಟರಿನಿಂದ ಬಗೆಹರಿಯುತ್ತದೆ. ಹಸಿರು ಹಾಗೆಯೇ ಉಳಿದರೆ ಏಕಕೋಶ ಪಾಚಿ. ಅದರ ಗಾತ್ರ ಸಾಮಾನ್ಯವಾಗಿ ಕೆಲವೇ ಮೈಕ್ರಾನ್ (ಮಿ.ಮೀಯ ಸಾವಿರದಲ್ಲೊಂದು ಪಾಲು), ಯಾವ ಸ್ಪಾಂಜಿಗೂ ಸಿಗುವುದಿಲ್ಲ, ಯುವಿ (ನೇರಳಾತೀತ) ದೀಪ ಬೇಕು. ಹಾಲಿನಂತೆ ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ ಉಕ್ಕಿರುವುದು: ಆಹಾರ ಹೆಚ್ಚಾಗಿದೆ ಅಥವಾ ಜೈವಿಕ ಫಿಲ್ಟರ್, ಅಂದರೆ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೆಲೆಸಿದ ಭಾಗ, ಹಾಳಾಗಿದೆ. ನೀರು ತಿಳಿಯೇ ಇದ್ದು ಚಹಾದ ಬಣ್ಣ ಮಾತ್ರ ಉಳಿದರೆ ಎಲೆಗಳಿಂದ ಇಳಿದ ಟ್ಯಾನಿನ್. ನಾಲ್ಕಕ್ಕೂ ಮದ್ದು ಬೇರೆ.

ತೂಬು

ಬಾಟಲಿ ಪರೀಕ್ಷೆ ನಡೆಯಲಿ. ಅದರ ನಡುವೆ ಎರಡು ಕೆಲಸ.

ಒಂದು, ಪಂಪಿಗೆ ಸುತ್ತಿದ ಸ್ಪಾಂಜನ್ನು ತೆಗೆದುಬಿಡಿ. ಈಗ ನಿಮ್ಮ ನಿಜವಾದ ಫಿಲ್ಟರ್ ಅದೇ, ಮೇಲಿನ ಕ್ರೇಟ್ ಅಲ್ಲ. ಅಂಗೈ ಅಗಲದ ಸ್ಪಾಂಜ್ ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತದೆ, ಹರಿವು ಕುಸಿಯುತ್ತದೆ, ಹರಿವು ಕುಸಿದರೆ ಮೂಲೆಯ ಗಸಿ ಪಂಪಿನ ತನಕ ಬರುವುದೇ ಇಲ್ಲ. ಅದರ ಬದಲು 8ರಿಂದ 10 ಮಿ.ಮೀ ತೂತುಗಳ ಪ್ಲಾಸ್ಟಿಕ್ ಬುಟ್ಟಿಯೊಳಗೆ ಪಂಪ್ ಇಡಿ. ಪಂಪ್ ಅಷ್ಟು ದಪ್ಪ ಕಸ ನುಂಗುವ ಜಾತಿಯದಾಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ತೂತು 5 ಮಿ.ಮೀಗೆ ಇಳಿಸಿ. ಮರಿಗಳಿದ್ದರೆ ಬುಟ್ಟಿಗೆ ಸೊಳ್ಳೆ ಪರದೆ ಸುತ್ತಿ ದಿನಾ ತೊಳೆಯುವುದು ಅನಿವಾರ್ಯ.

ಎರಡು, ಬಕೆಟ್ ಲೆಕ್ಕ. ಕ್ರೇಟಿಗೆ ಬೀಳುವ ನೀರನ್ನು 20 ಲೀಟರ್ ಬಕೆಟಿಗೆ ಹಿಡಿದು ಸೆಕೆಂಡು ಎಣಿಸಿ. 72,000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂದು ಬರುತ್ತದೆ. ಪೆಟ್ಟಿಗೆಯ ಮೇಲಿನ 4000 ಎನ್ನುವುದು ಎತ್ತರ ಸೊನ್ನೆ ಇದ್ದಾಗಿನ ಅಂಕಿ. 3600 ಲೀಟರ್ ತೊಟ್ಟಿಗೆ ಗಂಟೆಗೆ 1800ರಿಂದ 3600 ಲೀಟರ್ ನಿಜವಾಗಿ ಹರಿಯಬೇಕು. ಅಂದರೆ ಇಡೀ ತೊಟ್ಟಿ ಒಂದರಿಂದ ಎರಡು ಗಂಟೆಯೊಳಗೆ ಒಮ್ಮೆ ಸುತ್ತಬೇಕು.

ಜಲ್ಲಿಯನ್ನೂ ತೆಗೆಯಿರಿ. ಕಲ್ಲಿನ ಸಂದಿನ ಗಸಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಇದ್ದಿಲಿಗೆ ಘನ ಕಸ ಹಿಡಿಯುವ ಕೆಲಸವೇ ಇಲ್ಲ.

ಹಿತ್ತಿಲಕೊಳ

ಬಾಟಲಿ: ಮೇಲೆ ತಿಳಿ, ತಳದಲ್ಲಿ ಸುಮಾರು 3 ಮಿ.ಮೀ ಕಂದು ಪದರ, ತೆಳು ಚಹಾ ಬಣ್ಣ. ಹಸಿರಿಲ್ಲ.

ಬಕೆಟ್: ಸ್ಪಾಂಜ್ ಇದ್ದಾಗ 48 ಸೆಕೆಂಡು, ಅಂದರೆ 1500. ತೆಗೆದ ಮೇಲೆ 30 ಸೆಕೆಂಡು, 2400. ಈಗ ಕ್ರೇಟಿನ ಸ್ಪಾಂಜ್ ಎರಡೇ ದಿನಕ್ಕೆ ಕಟ್ಟಿ ನೀರು ಅಂಚಿನ ಮೇಲೆ ಹರಿಯುತ್ತಿದೆ.

ನೀರಗಂಟಿ

ಕಟ್ಟಿಕೊಂಡಿತೆಂದರೆ ಕಸ ಅಲ್ಲಿಯ ತನಕ ಬರುತ್ತಿದೆ ಎಂದರ್ಥ, ಅದು ಒಳ್ಳೆಯ ಸುದ್ದಿ. ಈಗ ಬೇಕಾಗಿರುವುದು ದೊಡ್ಡ ಕ್ರೇಟ್ ಅಲ್ಲ, ಹಿಡಿದ ಕಸವನ್ನು ದಿನಾ ಹೊರಗೆ ಚೆಲ್ಲುವ ದಾರಿ. ಸ್ಪಾಂಜಿನಲ್ಲಿ ಒಂದು ವಾರ ಕೂತ ಹಿಕ್ಕೆ ಕಣ್ಣಿಗೆ ಮರೆಯಾಗಿದೆ ಅಷ್ಟೆ, ನೀರಿನಲ್ಲೇ ಇದೆ. ಹರಿಯುವ ನೀರು ಅದರ ಮೂಲಕವೇ ಹೋಗುತ್ತಾ ಅದನ್ನು ಕರಗಿಸಿ ಮರಳಿ ತೊಟ್ಟಿಗೆ ತರುತ್ತದೆ, ಅಮೋನಿಯಾ ಆಗಿ. ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನೂ ಎಳೆಯುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿ ನೀರು ಲೀಟರಿಗೆ ಸುಮಾರು 8.2 ಮಿ.ಗ್ರಾಂ ಆಮ್ಲಜನಕ ಹಿಡಿಯುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದು 7.4ರ ಆಸುಪಾಸು. ನಮಗೆ ಮೊದಲೇ ಹತ್ತರಲ್ಲೊಂದು ಪಾಲು ಕಡಿಮೆ ಸಿಕ್ಕಿದೆ, ಅದನ್ನು ಗಸಿಗೆ ಕೊಡಬಾರದು.

ಇನ್ನೊಂದು ಮಾತು. ಗೋಲ್ಡ್‌ಫಿಶ್‌ಗೆ ನಿಜವಾದ ಹೊಟ್ಟೆಚೀಲವಿಲ್ಲ, ತಿಂದದ್ದು ನೇರ ಕರುಳಿಗೆ. ಹಿಕ್ಕೆ ಲೋಳೆ ಸುತ್ತಿದ ಉದ್ದ ಎಳೆಯಾಗಿ ಬರುತ್ತದೆ. ಎಳೆ ಇಡಿಯಾಗಿದ್ದರೆ ಬೇಗ ಕೂರುತ್ತದೆ. ಪಂಪಿನ ಚಕ್ರಕ್ಕೆ ಸಿಕ್ಕರೆ ಪುಡಿಯಾಗಿ ತೇಲುತ್ತದೆ. ಆದ್ದರಿಂದ ಪಂಪನ್ನು ಫಿಲ್ಟರಿನ ಮೊದಲಲ್ಲಿ ಇಡದೆ ಕೊನೆಗೆ ಇಡುವುದು ಲೇಸು. ನೀರು ತನ್ನ ಭಾರದಿಂದಲೇ ತೊಟ್ಟಿಯಿಂದ ಗಸಿ ಡ್ರಮ್ಮಿಗೆ (ಗಸಿ ತಳಕ್ಕೆ ಕೂರುವ ಡ್ರಮ್), ಅಲ್ಲಿಂದ ಎರಡನೇ ಡ್ರಮ್ಮಿಗೆ, ಕೊನೆಗೆ ಪಂಪಿಗೆ ಬರಲಿ.

ತಳ ಒಡೆಯದೆಯೂ ಇದು ಸಾಧ್ಯ. ನೀರಿನ ಮಟ್ಟಕ್ಕಿಂತ 15 ಸೆಂ.ಮೀ ಕೆಳಗೆ ಗೋಡೆಗೆ ಕೋರ್ ಕಟರಿನಿಂದ ತೂತು ಕೊರೆಸಿ, 63 ಮಿ.ಮೀ ಟ್ಯಾಂಕ್ ಕನೆಕ್ಟರ್ ಕೂರಿಸಿ. ಒಳಗಡೆ ಎಲ್ಬೋ ಹಾಕಿ ಪೈಪನ್ನು ಅತಿ ಆಳದ ಮೂಲೆಯ ತಳಕ್ಕೆ ಇಳಿಸಿ, ಬಾಯಿ ತಳದಿಂದ 3 ಸೆಂ.ಮೀ ಮೇಲಿರಲಿ. ಎಲ್ಬೋ ನೀರಿನೊಳಗೇ ಇರುವುದರಿಂದ ಗಾಳಿ ಸೇರಿ ಹರಿವು ಕಡಿಯುವ ಭಯವಿಲ್ಲ. ಗೋಡೆಯ ಮೇಲೆ ಹತ್ತಿಸಿ ಇಳಿಸುವ ಸೈಫನ್‌ನಲ್ಲಿ ಆ ಭಯ ಸದಾ ಇರುತ್ತದೆ.

110 ಮಿ.ಮೀ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಪ್ಲಂಬರ್ ಹೇಳಬಹುದು. ಬೇಡ. ಗಂಟೆಗೆ 2400 ಲೀಟರ್ ಹರಿವಿಗೆ 110ರಲ್ಲಿ ವೇಗ ಸೆಕೆಂಡಿಗೆ ಬರೀ 8 ಸೆಂ.ಮೀ, ಗಸಿ ಪೈಪಿನಲ್ಲೇ ಕೂತುಬಿಡುತ್ತದೆ. 63ರಲ್ಲಿ ಸುಮಾರು 25 ಸೆಂ.ಮೀ.

ಪೈಪುಬೆಂಡು

ಗಸಿ ಡ್ರಮ್ಮಿನ ವಿವರ. ಸಾಮಾನ್ಯವಾಗಿ ಸಿಗುವ 200 ಲೀಟರಿನ ನೀಲಿ ಡ್ರಮ್ ಸಾಕು, ಒಳವ್ಯಾಸ 57 ಸೆಂ.ಮೀ ಆಸುಪಾಸು. ರಾಸಾಯನಿಕ ತುಂಬಿದ್ದ ಡ್ರಮ್ ಬೇಡ, ಆಹಾರ ಪದಾರ್ಥ ತುಂಬಿದ್ದದ್ದೇ ಬೇಕು.

ಹಲವರು ನೀರನ್ನು ಅಂಚಿನಿಂದ ಓರೆಯಾಗಿ ಬಿಟ್ಟು ಸುಳಿ ಎಬ್ಬಿಸುತ್ತಾರೆ. ನೋಡಲು ಚೆಂದ, ಆದರೆ ಸುಳಿಯೇ ಗಸಿಯನ್ನು ಮತ್ತೆ ಎತ್ತುತ್ತದೆ. ಅಮೆರಿಕದ ಫ್ರೆಶ್‌ವಾಟರ್ ಇನ್‌ಸ್ಟಿಟ್ಯೂಟ್‌ನ ಡೇವಿಡ್ಸನ್ ಮತ್ತು ಸಮ್ಮರ್‌ಫೆಲ್ಟ್ ಟ್ರೌಟ್ ಸಾಕಣೆಯ ನೀರಿನಲ್ಲಿ ಎರಡು ಬಗೆಯ ತೊಟ್ಟಿಗಳನ್ನು ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಸುಳಿ ತೊಟ್ಟಿ ಸುಮಾರು 37% ಘನ ಕಸ ಹಿಡಿದರೆ, ನಡುವಿನಿಂದ ಸುತ್ತಲೂ ಹರಡುವ ತೊಟ್ಟಿ ಸುಮಾರು 78% ಹಿಡಿಯಿತು. ಹರಿವು, ಅಳತೆ ಎರಡಕ್ಕೂ ಒಂದೇ. ಗೋಲ್ಡ್‌ಫಿಶ್ ಹಿಕ್ಕೆ ಟ್ರೌಟಿನದಕ್ಕಿಂತ ಮೆತ್ತಗೆ, ಹಾಗಾಗಿ ಅಷ್ಟೇ ಅಂಕಿ ಇಲ್ಲಿ ನಿರೀಕ್ಷಿಸಬೇಡಿ. ಆದರೆ ಯಾವುದು ಮೇಲು ಎನ್ನುವುದು ಬದಲಾಗುವುದಿಲ್ಲ.

ಕಟ್ಟುವ ಕ್ರಮ: 63 ಮಿ.ಮೀ ಪೈಪ್ ಡ್ರಮ್ಮಿನ ಪಕ್ಕದಿಂದ, ಅರ್ಧ ಎತ್ತರದಲ್ಲಿ ಒಳಬಂದು ನಡುವಿನಲ್ಲಿ ಎಲ್ಬೋ ತಿರುಗಿ ಮೇಲ್ಮುಖವಾಗಲಿ. ಬಾಯಿ ನೀರಿನ ಮಟ್ಟಕ್ಕಿಂತ 15 ಸೆಂ.ಮೀ ಕೆಳಗಿರಲಿ. ಆ ಬಾಯಿಯನ್ನು ಸುತ್ತುವಂತೆ ತಳ ಕತ್ತರಿಸಿದ ಬಕೆಟನ್ನು, 25 ಸೆಂ.ಮೀ ವ್ಯಾಸದ್ದು, ತೂಗುಹಾಕಿ. ಮೇಲಂಚು ನೀರಿನಿಂದ 5 ಸೆಂ.ಮೀ ಹೊರಗೆ, ಕೆಳಂಚು ಡ್ರಮ್ಮಿನ ಅರ್ಧ ಆಳಕ್ಕಿಂತ ತುಸು ಕೆಳಗೆ. ಒಳಬರುವ ಪೈಪಿಗೆ ದಾರಿಯಾಗಲು ಬಕೆಟಿನ ಒಂದು ಬದಿಯಲ್ಲಿ ಸೀಳು ಬಿಡಿ. ನೀರು ಬಕೆಟಿನೊಳಗೆ ಶಾಂತವಾಗಿ ಕೆಳಗಿಳಿದು, ಅಂಚಿನಡಿ ತೂರಿ, ಸುತ್ತಲಿಂದ ನಿಧಾನವಾಗಿ ಮೇಲೇರುತ್ತದೆ. ಏರುವ ವೇಗ ನಿಮಿಷಕ್ಕೆ ಸುಮಾರು 19 ಸೆಂ.ಮೀ, ಮೇಲಿನ ಪ್ರಯೋಗದಲ್ಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಪಂಪ್ ದೊಡ್ಡದು ಮಾಡುವ ಆಸೆ ಬಂದಾಗ ಈ ಅಂಕಿ ನೆನಪಿರಲಿ: ಹರಿವು ದುಪ್ಪಟ್ಟಾದರೆ ಗಸಿ ಕೂರುವುದಿಲ್ಲ.

ಹೊರಹೋಗುವ ನೀರು ಒಂದೇ ತೂತಿನಿಂದ ಹೋದರೆ ಎಲ್ಲ ಹರಿವು ಆ ಕಡೆಗೇ ಎಳೆಯುತ್ತದೆ. ಒಳಗೋಡೆಯ ಸುತ್ತ 50 ಮಿ.ಮೀ ಪೈಪನ್ನು ಬಳೆಯಂತೆ ಕೂರಿಸಿ, ಮೇಲ್ಭಾಗದಲ್ಲಿ 10 ಸೆಂ.ಮೀಗೊಂದರಂತೆ 12 ಮಿ.ಮೀ ತೂತು ಕೊರೆದು, ಅದನ್ನು ಹೊರಗಿನ 63 ಮಿ.ಮೀಗೆ ಸೇರಿಸಿ. ಬಳೆ ಪೂರ್ತಿ ಮುಳುಗಿರಲಿ.

ತಳ ಚಪ್ಪಟೆ ಇದ್ದರೆ ಗಸಿ ತೂಬಿನ ಕಡೆ ಜಾರದು. ಸಿಮೆಂಟಿನಲ್ಲಿ 45 ಡಿಗ್ರಿ ಇಳಿಜಾರು ಕಟ್ಟಿ, ಮೇಲೆ ಕುಡಿಯುವ ನೀರಿನ ತೊಟ್ಟಿಗೆ ಬಳಿಯುವ ಎಪಾಕ್ಸಿ ಬಳಿಯಿರಿ. ಬಳಿಯದೆ ಬಿಟ್ಟ ಹಸಿ ಸಿಮೆಂಟಿನ ಸುಣ್ಣ ಪಿಎಚ್ ಏರಿಸುತ್ತದೆ. ತಳದಿಂದ 40 ಮಿ.ಮೀ ಪೈಪ್, ಬಾಲ್ ವಾಲ್ವ್.

ಡ್ರಮ್ಮಿನ ನೀರು ತೊಟ್ಟಿಯ ಮಟ್ಟಕ್ಕೇ ಇರಬೇಕಾದ್ದರಿಂದ ಡ್ರಮ್ಮನ್ನು ಗುಂಡಿ ಅಗೆದು ಕೂರಿಸಬೇಕು. ಅಲ್ಲಿಂದ ಕೊಳೆ ನೀರು ಹೊರಬರುವುದು ಹೇಗೆ ಅಂದರೆ, ಆ 40 ಮಿ.ಮೀ ಪೈಪನ್ನು ಅಂಗಳದ ಮಟ್ಟಕ್ಕೆ ಮೇಲೆತ್ತಿ ಅಲ್ಲಿ ವಾಲ್ವ್ ಇಡಿ. ನಿಮ್ಮ ನೀರಿನ ಮಟ್ಟ ಅಂಗಳಕ್ಕಿಂತ 40 ಸೆಂ.ಮೀ ಮೇಲಿದೆಯಲ್ಲ, ಆ ಒತ್ತಡವೇ ಗಸಿಯನ್ನು ಹೊರದಬ್ಬುತ್ತದೆ. 20 ಸೆಕೆಂಡು ತೆರೆದರೆ ಸುಮಾರು 20 ಲೀಟರ್ ಹೋಗುತ್ತದೆ. ಬೇರೆ ಪಂಪ್ ಬೇಡ.

ಜರಡಿ

ಇಷ್ಟೆಲ್ಲ ಅಗೆತ ಎಲ್ಲರಿಗೂ ಆಗದು. ಈಗಿರುವ ಪಂಪನ್ನೇ ಇಟ್ಟುಕೊಂಡು, ಕ್ರೇಟಿನ ಮುಂದೆ ಓರೆ ಜರಡಿ ಹಾಕುವುದು ನನ್ನ ಸಲಹೆ. 30 ಸೆಂ.ಮೀ ಅಗಲ, 40 ಸೆಂ.ಮೀ ಉದ್ದ, 60 ಡಿಗ್ರಿ ಓರೆ, 300 ಮೈಕ್ರಾನ್ ಸಂದು. ನೀರು ಮೇಲಿನ ಸಣ್ಣ ತೊಟ್ಟಿಯಿಂದ ಹಾಳೆಯಂತೆ ಹರಿದು ಜರಡಿಯೊಳಗೆ ಇಳಿಯುತ್ತದೆ, ಕಸ ಜಾರಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಮುಖ್ಯ ಲಾಭ ಏನೆಂದರೆ ಕಸ ನೀರಿನಿಂದ ಆಗಲೇ ಹೊರಗಿದೆ.

ನೇಯ್ದ ಸ್ಟೀಲ್ ಜಾಲರಿ ಅಗ್ಗ, ಆದರೆ ಎಳೆಗಳ ನಡುವೆ ಲೋಳೆ ಸಿಕ್ಕಿ ನಾಲ್ಕೈದು ದಿನಕ್ಕೆ ಮುಚ್ಚಿಕೊಳ್ಳುತ್ತದೆ. ತ್ರಿಕೋನ ತಂತಿಯ ವೆಡ್ಜ್‌ವೈರ್ ಜರಡಿಯಲ್ಲಿ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಮೇಲೆ ದಾಟಿದ ಕಣ ಒಳಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ದುಡ್ಡು ಹಾಕುವುದಾದರೆ ಅದಕ್ಕೇ ಹಾಕಿ. ದಿನಾ ಮೆತ್ತನೆ ಬ್ರಷ್ಷಿನಿಂದ ಒಮ್ಮೆ ಉಜ್ಜಬೇಕು. ಬೋರ್‌ವೆಲ್ ನೀರಾದರೆ ತಿಂಗಳಿಗೊಮ್ಮೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿ ಸುಣ್ಣ ಬಿಡಿಸಿ.

ತೂಬು

ಜರಡಿ ಹೇಳಿದ್ದು ಸರಿ, ಆದರೆ ಒಂದು ಮಿತಿ ಇದೆ. ಪಂಪ್ ಪುಡಿ ಮಾಡಿದ ಕಸದಲ್ಲಿ 300 ಮೈಕ್ರಾನ್‌ಗಿಂತ ಸಣ್ಣದ್ದೇ ಬಹಳ. ಅದನ್ನು ಹಿಡಿಯಲು ಜರಡಿಯ ಕೆಳಗೆ ಸ್ಪಾಂಜ್ ಬೇಕೇ ಬೇಕು: ಇಂಚಿಗೆ 10 ರಂಧ್ರದ್ದು, ಆಮೇಲೆ 20, ಆಮೇಲೆ 30, ತಲಾ 5 ಸೆಂ.ಮೀ ದಪ್ಪ. ಮೊದಲೇ 30 ರಂಧ್ರದ್ದು ಇಟ್ಟರೆ ಅದೊಂದೇ ಕಟ್ಟಿ ಉಳಿದವು ಖಾಲಿ ಕೂರುತ್ತವೆ. ಪೆಟ್ಟಿಗೆಯ ಅಳತೆಗಿಂತ ಸ್ಪಾಂಜನ್ನು 1 ಸೆಂ.ಮೀ ದೊಡ್ಡದಾಗಿ ಕತ್ತರಿಸಿ ಒತ್ತಿ ಕೂರಿಸಿ. ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿದ್ದರೂ ನೀರು ಸ್ಪಾಂಜ್ ಬಿಟ್ಟು ಅಲ್ಲಿಂದಲೇ ಹೋಗುತ್ತದೆ.

ಪಂಪಿನಿಂದ ತುಂಬುವ ಯಾವುದೇ ಪೆಟ್ಟಿಗೆಗೆ, ಒಳಬರುವ ಪೈಪಿಗಿಂತ ದಪ್ಪನೆಯ ತುಂಬಿಹರಿವು ಪೈಪ್ ತೊಟ್ಟಿಗೇ ಮರಳುವಂತೆ ಇರಲಿ. ಇಲ್ಲದಿದ್ದರೆ ಸ್ಪಾಂಜ್ ಕಟ್ಟಿದ ರಾತ್ರಿ ಪಂಪ್ ಇಡೀ ತೊಟ್ಟಿಯನ್ನು ಅಂಗಳಕ್ಕೆ ಸುರಿಯುತ್ತದೆ.

ಈಜುಕೊಳದ ಮರಳು ಫಿಲ್ಟರ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ಮೀನಿನ ಲೋಳೆ ಮರಳನ್ನು ಗಟ್ಟಿ ಹೆಂಟೆ ಮಾಡುತ್ತದೆ, ನೀರು ನಡುವೆ ಬಿಲ ಕೊರೆದುಕೊಂಡು ಸೋಸದೆ ಹೋಗುತ್ತದೆ. ಬೇಡ.

ಮಲೆನಾಡಂಚು

ಬಾವಿಯ ಬಗ್ಗಡಕ್ಕೆ ಪಟಿಕ ತಿರುಗಿಸುವ ಹಾಗೆ ತೊಟ್ಟಿಗೂ ಹಾಕಬಹುದೇ? ಮಳೆಗಾಲದಲ್ಲಿ ಕೆಂಪು ಮಣ್ಣು ತೊಳೆದು ಬರುತ್ತದೆ, ಅದು ಸ್ಪಾಂಜಿಗೂ ಸಿಗುತ್ತಿಲ್ಲ.

ನೀರಗಂಟಿ

ಮೀನಿರುವ ತೊಟ್ಟಿಗೆ ಬೇಡ. ಲೀಟರಿಗೆ 1 ಮಿ.ಗ್ರಾಂ ಪಟಿಕ ಸುಮಾರು ಅರ್ಧ ಮಿ.ಗ್ರಾಂ ಕ್ಷಾರತೆಯನ್ನು, ಅಂದರೆ ಪಿಎಚ್ ಕುಸಿಯದಂತೆ ಹಿಡಿದಿಡುವ ಲವಣಗಳನ್ನು, ತಿನ್ನುತ್ತದೆ. ಕೋಲಾರದ ಗಡಸು ಬೋರ್‌ವೆಲ್ ನೀರು ಅದನ್ನು ತಾಳಿಕೊಂಡೀತು, ಮಲೆನಾಡಿನ ಮೆದು ನೀರಿನಲ್ಲಿ ಪಿಎಚ್ ಒಮ್ಮೆಗೇ ಕುಸಿಯುತ್ತದೆ. ಕೂಡಿಕೊಂಡ ಮಣ್ಣಿನ ಹೆಂಟೆ ಕಿವಿರಿಗೂ ಅಂಟುತ್ತದೆ.

ಮಣ್ಣನ್ನು ದಾರಿಯಲ್ಲೇ ತಡೆಯಬೇಕು. ತೊಟ್ಟಿಯ ಅಂಚು ಅಂಗಳಕ್ಕಿಂತ ಕನಿಷ್ಠ 15 ಸೆಂ.ಮೀ ಎತ್ತರಿಸಿ. ತಾವರೆ, ನೈದಿಲೆ ಕುಂಡಗಳ ಮಣ್ಣಿನ ಮೇಲೆ 3 ಸೆಂ.ಮೀ ದಪ್ಪ ಕಲ್ಲು ಹಾಸಿ, ಮೀನಿನ ಬಾಯಿಗೆ ಹಿಡಿಯದಷ್ಟು ದೊಡ್ಡವು. ಗೋಲ್ಡ್‌ಫಿಶ್ ಕೆದಕುವುದನ್ನು ಬಿಡುವುದಿಲ್ಲ, ಸಣ್ಣ ಜಲ್ಲಿ ಹಾಕಿದರೆ ಬಾಯಿಗೆ ಸಿಕ್ಕಿಹಾಕಿಕೊಳ್ಳುವ ಅಪಾಯವೂ ಉಂಟು. ಈಗಾಗಲೇ ತೇಲುತ್ತಿರುವ ಜೇಡಿಗೆ, ಮರಳುವ ಪೈಪಿನ ಬಾಯಿಗೆ ಪಾಲಿಯೆಸ್ಟರ್ ಹತ್ತಿಯ ಚೀಲ ಎರಡು ದಿನ ಕಟ್ಟಿ ನೋಡಿ, ಕಟ್ಟಿಕೊಂಡಾಗ ಬಿಸಾಡಿ.

ಹಿತ್ತಿಲಕೊಳ

ಎರಡು ಡ್ರಮ್ಮಿನ ದಾರಿಯೇ ಸರಿ ಎನಿಸಿದೆ. ಮೂರು ಸಂದೇಹ. ಎರಡನೇ ಡ್ರಮ್ಮಿನಲ್ಲಿ ಏನಿರಬೇಕು? ಕರೆಂಟ್ ಹೋದರೆ ಏನಾಗುತ್ತದೆ? ಮೂಲೆಯಲ್ಲಿ ಈಗಿರುವ ಹಳೆಯ ಗಸಿಯನ್ನು ಒಮ್ಮೆಗೇ ಕದಡಿ ಫಿಲ್ಟರಿಗೆ ಬಿಡಬಹುದೇ?

ಪೈಪುಬೆಂಡು

ಎರಡನೇ ಡ್ರಮ್: ಕೆಳಗಿನಿಂದ ನೀರು ಬರಲಿ, ನಡುವೆ ಪ್ಲಾಸ್ಟಿಕ್ ಜಾಲರಿಯ ಮೇಲೆ 10 ಮತ್ತು 20 ರಂಧ್ರದ ಸ್ಪಾಂಜ್, ಅದರ ಮೇಲೆ ತಿಳಿ ನೀರಿನಲ್ಲಿ ಪಂಪ್. ಪಂಪಿನಿಂದ ಯುವಿ ದೀಪ ಬೇಕಿದ್ದರೆ ಅದಕ್ಕೆ, ಆಮೇಲೆ ನಿಮ್ಮ ಹಳೆಯ ಕ್ರೇಟಿಗೆ. ಆ ಕ್ರೇಟ್ ಇನ್ನು ಬರೀ ಜೈವಿಕ ಫಿಲ್ಟರ್, ಅದನ್ನು ತೊಳೆಯುವ ಕೆಲಸ ತಿಂಗಳುಗಟ್ಟಲೆ ಇರುವುದಿಲ್ಲ.

ಮಟ್ಟಗಳಲ್ಲಿ ತಪ್ಪಿದರೆ ಎಲ್ಲ ತಪ್ಪಿದಂತೆ. ಎರಡೂ ಡ್ರಮ್ಮುಗಳ ಅಂಚು ತೊಟ್ಟಿಯ ಗರಿಷ್ಠ ನೀರಿನ ಮಟ್ಟಕ್ಕಿಂತ 10 ಸೆಂ.ಮೀ ಮೇಲಿರಲಿ, ಏಕೆಂದರೆ ಪಂಪ್ ನಿಂತಾಗ ಮೂರರಲ್ಲೂ ನೀರು ಒಂದೇ ಮಟ್ಟಕ್ಕೆ ಬರುತ್ತದೆ. ಮಳೆಗೆ ತೊಟ್ಟಿ ಉಕ್ಕದಂತೆ ತೊಟ್ಟಿಗೇ ಒಂದು ತುಂಬಿಹರಿವು ಪೈಪ್ ಬೇಕು. ಪಂಪ್ ಓಡುವಾಗ ಕೊನೆಯ ಡ್ರಮ್ಮಿನ ಮಟ್ಟ 3ರಿಂದ 5 ಸೆಂ.ಮೀ ಇಳಿಯುವುದು ಸಹಜ. ಡ್ರಮ್ಮಿನ ಒಳಗೋಡೆಗೆ ಮಾರ್ಕರಿನಲ್ಲಿ ಗೆರೆ ಎಳೆದಿಡಿ. 10 ಸೆಂ.ಮೀ ಇಳಿದಿದ್ದರೆ ಸ್ಪಾಂಜ್ ತೊಳೆಯುವ ಹೊತ್ತು, ಅಥವಾ ಪೈಪಿನ ಬಾಯಿಗೆ ಎಲೆ ಅಂಟಿದೆ.

ಗುಂಡಿ 60 ಸೆಂ.ಮೀ ಆಳ ಬೇಕಾಗುತ್ತದೆ. ಜೋರು ಮಳೆಯಲ್ಲಿ ಗುಂಡಿಗೆ ನೀರು ತುಂಬಿದರೆ ಖಾಲಿ ಡ್ರಮ್ ತೇಲಿ ಮೇಲೆದ್ದು ಕೀಲುಗಳನ್ನು ಮುರಿಯುತ್ತದೆ. ತಳಕ್ಕೆ 10 ಸೆಂ.ಮೀ ಕಾಂಕ್ರೀಟ್ ಹಾಕಿ ಡ್ರಮ್ಮನ್ನು ಪಟ್ಟಿಯಿಂದ ಬಿಗಿಯಿರಿ, ಮಳೆಗಾಲದಲ್ಲಿ ಪೂರ್ತಿ ಖಾಲಿ ಮಾಡಬೇಡಿ.

ಗಾಳಿಗುಳ್ಳೆ

ಕರೆಂಟ್ ವಿಷಯ. ಅರ್ಧ ಗಂಟೆ ಹೋದರೆ ಚಿಂತೆಯಿಲ್ಲ. ಗಂಟೆಗಟ್ಟಲೆ ಹೋದರೆ ಕಸ ತುಂಬಿದ ಸ್ಪಾಂಜಿನೊಳಗೆ ಆಮ್ಲಜನಕ ಮುಗಿಯುತ್ತದೆ. ಕರೆಂಟ್ ಬಂದಾಗ ಆ ಕೆಟ್ಟ ನೀರು ನೇರ ತೊಟ್ಟಿಗೆ ಹೋಗಬಾರದು, ಮೊದಲ ಡ್ರಮ್ಮಿನ ತೂಬು ತೆರೆದು ಒಮ್ಮೆ ಚೆಲ್ಲಿ, ಆಮೇಲೆ ಪಂಪ್ ಹಾಕಿ.

ಡ್ರಮ್ಮುಗಳೆಲ್ಲ ಒಂದೇ ಮಟ್ಟದಲ್ಲಿರುವುದರಿಂದ ಗಾಳಿ ಲಿಫ್ಟ್ (ಏರುವ ಗಾಳಿಗುಳ್ಳೆಗಳಿಂದಲೇ ನೀರೆತ್ತುವ ಪೈಪ್) ಕೂಡ ಯೋಚಿಸಿ. 63 ಮಿ.ಮೀ ಪೈಪ್ ಕೊನೆಯ ಡ್ರಮ್ಮಿನಲ್ಲಿ 60 ಸೆಂ.ಮೀ ಮುಳುಗಿರಲಿ, ಬುಡಕ್ಕೆ ಗಾಳಿ ಕೊಡಿ, ಮೇಲಿನ ಬಾಯಿ ತೊಟ್ಟಿಯ ಮಟ್ಟಕ್ಕೇ ತೆರೆಯಲಿ. ಹೆಚ್ಚೆಂದರೆ 5 ಸೆಂ.ಮೀ ಎತ್ತಿಸಿ, ಅದಕ್ಕಿಂತ ಎತ್ತಿಸಿದಷ್ಟೂ ಹರಿವು ಬೇಗ ಬೀಳುತ್ತದೆ. ಈ ದಾರಿಯಲ್ಲಿ ಎತ್ತರದ ಕ್ರೇಟಿಗೆ ನೀರು ಏರದು, ಜೈವಿಕ ಮಾಧ್ಯಮವನ್ನೂ ಡ್ರಮ್ಮಿನಲ್ಲೇ ಇಡಬೇಕು. ನಿಮಿಷಕ್ಕೆ 60 ಲೀಟರಿನ ಗಾಳಿ ಪಂಪ್ ಸುಮಾರು 35ರಿಂದ 40 ವ್ಯಾಟ್ ತಿನ್ನುತ್ತದೆ, ಮನೆಯ ಇನ್ವರ್ಟರ್ ಮೇಲೆ ಆರಾಮವಾಗಿ ಓಡುತ್ತದೆ. ಹರಿವನ್ನು ಬಕೆಟ್ ಹಿಡಿದು ಅಳೆದೇ ನಂಬಿ.

ಯಾವ ಪಂಪೇ ಆಗಲಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಕಡಿಯುವ ಸ್ವಿಚ್) ಇಲ್ಲದೆ ನೀರಿಗೆ ಇಳಿಸಬೇಡಿ. ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ.

ತೂಬು

ಹಳೆಯ ಗಸಿ ಕದಡಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಕೆಳಪದರ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಒಳಗೆ ಹೈಡ್ರೋಜನ್ ಸಲ್ಫೈಡ್ ಇದೆ. ಒಮ್ಮೆಗೇ ಎಬ್ಬಿಸಿದರೆ ಮೀನು ಸಾಯುತ್ತವೆ. 25 ಮಿ.ಮೀ ಪಾರದರ್ಶಕ ಕೊಳವೆಯಿಂದ ಸೈಫನ್ ಮಾಡಿ, ತೊಟ್ಟಿಯ ಕಾಲು ಭಾಗ ತಳವನ್ನು ಒಂದು ದಿನ, ಮೂರು ದಿನ ಬಿಟ್ಟು ಇನ್ನೊಂದು ಕಾಲು ಭಾಗ. ಪ್ರತಿ ಸಲ 20% ನೀರಿಗಿಂತ ಹೆಚ್ಚು ತೆಗೆಯಬೇಡಿ.

ಮರುಭರ್ತಿ ನಲ್ಲಿ ನೀರಾದರೆ ಕ್ಲೋರಿನ್ ನೋಡಿ. ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ ಇದ್ದರೆ 1000 ಲೀಟರಿಗೆ 7 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಸಾಕು. ದಿನಾ 20 ಲೀಟರ್ ತುಂಬಿಸುವುದಕ್ಕೆ ಅದೂ ಬೇಡ, ನಿಧಾನವಾಗಿ ಬಿಟ್ಟರಾಯಿತು. ಸೋಸುವ ಸ್ಪಾಂಜನ್ನು ನಲ್ಲಿ ನೀರಲ್ಲೇ ತೊಳೆಯಬಹುದು. ಜೈವಿಕ ಕ್ರೇಟಿನ ವಸ್ತುಗಳನ್ನು ಮಾತ್ರ ತೊಟ್ಟಿಯ ನೀರಲ್ಲೇ ಅದ್ದಿ ತೆಗೆಯಿರಿ.

ಮರಳುವ ನೀರಿನ ದಿಕ್ಕನ್ನೂ ಬದಲಿಸಿ. ಈಗ ಮೇಲಿಂದ ನೇರ ಬೀಳುತ್ತಿದೆ, ಗುಳ್ಳೆ ಬರುತ್ತದೆಯೇ ಹೊರತು ತಳ ಅಲುಗುವುದಿಲ್ಲ. ನೀರಿನಡಿ 30 ಸೆಂ.ಮೀ ಆಳದಲ್ಲಿ, ಉದ್ದ ಗೋಡೆಗೆ ಸಮಾನಾಂತರವಾಗಿ, ಗಸಿ ಎಳೆಯುವ ಪೈಪಿನ (ಅದು ಬರುವ ತನಕ ಪಂಪಿನ) ಬಾಯಿಂದ ಎದುರು ಮೂಲೆಯಲ್ಲಿ ಬಿಡಿ. ಇಡೀ ನೀರು ನಿಧಾನವಾಗಿ ಸುತ್ತಿ ಗಸಿಯನ್ನು ಪೈಪಿನ ಬಾಯಿಗೆ ತಂದು ಒಪ್ಪಿಸುತ್ತದೆ. ಇದಕ್ಕೆ ಎರಡು ಎಲ್ಬೋ ಸಾಕು. ಗುಂಡಿ ಅಗೆಯುವ ಮೊದಲೇ ಈ ಭಾನುವಾರ ಮಾಡಿಬಿಡಿ.

ನೀರಗಂಟಿ

ಗಸಿ ಡ್ರಮ್ಮಿನ ತೂಬು ಎಷ್ಟು ದಿನಕ್ಕೊಮ್ಮೆ ತೆರೆಯಬೇಕೆಂದು ಗಸಿಯೇ ಹೇಳುತ್ತದೆ. ಪಂಪ್ ನಿಲ್ಲಿಸಿ, ಐದು ನಿಮಿಷ ಬಿಟ್ಟು, ಮೊದಲ 5 ಲೀಟರನ್ನು ಬಿಳಿ ಬಕೆಟಿಗೆ ಹಿಡಿಯಿರಿ. ಎಳೆಗಳು ಇಡಿಯಾಗಿ ಕಂದು ಬಣ್ಣದಲ್ಲಿದ್ದರೆ ಸರಿಯಾದ ಹೊತ್ತಿಗೆ ತೆರೆದಿದ್ದೀರಿ. ಕಪ್ಪಾಗಿ ವಾಸನೆ ಬಂದರೆ ಅಂತರವನ್ನು ಅರ್ಧಕ್ಕೆ ಇಳಿಸಿ. ಬೇಸಿಗೆಯಲ್ಲಿ ದಿನಾ, ಚಳಿಗೆ ಮೀನು ತಿನ್ನುವುದು ಕಡಿಮೆಯಾದಾಗ ಎರಡು ದಿನಕ್ಕೊಮ್ಮೆ ಸಾಕಾಗಬಹುದು. ಆ ನೀರು ಬಾಳೆಗೆ, ತೆಂಗಿಗೆ ಒಳ್ಳೆಯದು. ಆದರೆ ಮೀನಿನ ಚಿಕಿತ್ಸೆಗೆ ಉಪ್ಪು ಹಾಕಿರುವ ದಿನಗಳಲ್ಲಿ ಗಿಡದ ಬುಡಕ್ಕೆ ಬಿಡಬೇಡಿ.